ಗಂಡನ ಹೆಸರು ಖಾಲಿ ಬಿಡುವಂತಿಲ್ಲ

ನಮ್ಮವ್ವ ಸೋಮವಾರಕ್ಕೆ ಸೋಮವಾರ ಎನ್ನುತ್ತಿರಲಿಲ್ಲ. 'ಐತ್ವಾರದ ಮರುದಿನ' ಎನ್ನುತ್ತಿದ್ದಳು. ಆ ವಾರದ ಹೆಸರಿನಲ್ಲಿ ಅಪ್ಪನ ಹೆಸರಿನ ಅರ್ಧ ಸೇರಿಕೊಂಡಿತ್ತು, ಅಷ್ಟೇ ಕಾರಣ. ಗಂಡನ ಹೆಸರು ಹೆಂಡತಿಯ ಬಾಯಿಂದ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳಿಗೆ ಅವಳ ಅವ್ವ ಹೇಳಿಕೊಟ್ಟಿದ್ದಳು. ಬ್ಯಾಡಗಿಯ ನಮ್ಮ ಓಣಿಯಲ್ಲಿ ಅವಳ ವಾರಿಗೆಯ ಹೆಂಗಸರೆಲ್ಲ ಹೀಗೆಯೇ. ಮತದಾರರ ಪಟ್ಟಿಯವರು ಬರಲಿ, ಗ್ಯಾಸಿನವನು ಬರಲಿ, ಯಜಮಾನರ ಹೆಸರು ಕೇಳಿದ ಕೂಡಲೇ ಅವ್ವ ಒಳಗೆ ತಿರುಗಿ ನನ್ನನ್ನು ಕೂಗುತ್ತಿದ್ದಳು.

"ಏ, ಲಗೂ ಬಾ ಇಲ್ಲೆ. ನಿಮ್ಮಪ್ಪಾರ ಹೆಸರ ಕೇಳಾಕತ್ತಾರ, ಹೇಳು."

ನಾನು ಓಡಿಬಂದು ಶಾಲೆಯಲ್ಲಿ ಹಾಜರಿ ಹೇಳಿದಂತೆ ಗಟ್ಟಿಯಾಗಿ ಹೇಳಿ, ಮತ್ತೆ ಆಟಕ್ಕೆ ಓಡುತ್ತಿದ್ದೆ. ದೊಡ್ಡವಳಾದ ಮೇಲೆ ಇದೆಲ್ಲ ನನಗೆ ನಗೆಯ ವಿಷಯವಾಯಿತು. "ಹೆಸರ ಅಂದ್ರ ಅಪ್ಪಗ ಜ್ವರಾ ಬರತೈತೇನು?" ಎಂದು ಕಾಡುತ್ತಿದ್ದೆ. ಅವ್ವ ಸೌಟು ಎತ್ತಿ ಹೊಡೆಯುವ ಹಾಗೆ ಮಾಡಿ ನಗುತ್ತಿದ್ದಳು. ಆದರೆ ಅಪ್ಪನಿಗೆ ಎದೆನೋವು ಬಂದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಲಗಿ ಬಂದ ವರ್ಷದಿಂದ ಆ ಮಾತಿಗೆ ಅವಳು ನಗುವುದನ್ನು ಬಿಟ್ಟಳು. "ಸುಮ್ನ ಇರ್ಬೇ, ಚೇಷ್ಟಿ ಮಾಡೂ ಮಾತಲ್ಲ ಅದು" ಎನ್ನುತ್ತಿದ್ದಳು. ಅಪ್ಪ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತ. ಆ ವರ್ಷದಿಂದ ಅವನು ಸಂಜೆ ಸ್ವಲ್ಪ ತಡವಾಗಿ ಬಂದರೂ ಅವ್ವ ಬಾಗಿಲಲ್ಲಿ ನಿಂತಿರುತ್ತಿದ್ದಳು.

ಇದು ಎರಡು ಸಾವಿರದ ಐದಾರನೇ ಇಸವಿಯ ಸುಮಾರಿನ ಮಾತು. ನಾನು ಕಂಪ್ಯೂಟರ್ ಓದಿ ರಾಣೆಬೆನ್ನೂರಿನಲ್ಲಿ ಕೆಲಸಕ್ಕೆ ಸೇರಿದ್ದೆ. ಕೆಳಗೆ ಬೀಜದ ಅಂಗಡಿ, ಮೇಲೆ ನಮ್ಮ ಆಫೀಸು. ಹತ್ತಿಬೀಜದ ಔಷಧಿಯ ವಾಸನೆ ಮೆಟ್ಟಿಲು ಹತ್ತಿ ಮೇಲೆ ಬರುತ್ತಿತ್ತು, ಕರೆಂಟು ಮಾತ್ರ ಮನಸ್ಸಿಗೆ ಬಂದಾಗ ಬರುತ್ತಿತ್ತು. ಆಫೀಸಿನ ಯಜಮಾನರು ಪುಣೆಯಲ್ಲಿ ಬಹಳ ವರ್ಷ ಪ್ರೋಗ್ರಾಮ್ ಬರೆದು ಬಂದವರು. ನಾವು ಅವರನ್ನು ಸರ್ ಎನ್ನುತ್ತಿದ್ದೆವು. ಅಲ್ಲಿಂದ ಅವರು ತಂದ ದೊಡ್ಡ ಹಟವೆಂದರೆ ಟೆಸ್ಟು, ಅಂದರೆ ಪ್ರೋಗ್ರಾಮನ್ನು ಪರೀಕ್ಷಿಸುವ ಇನ್ನೊಂದು ಸಣ್ಣ ಪ್ರೋಗ್ರಾಮು. ಬರೆದದ್ದು ಏನೇ ಇರಲಿ, ಅದಕ್ಕೊಂದು ಟೆಸ್ಟು ಬರೆಯದೆ ಅವರ ಮುಂದೆ ಹೋಗುವಂತಿರಲಿಲ್ಲ.

ಪ್ರೋಗ್ರಾಮು ಎಂದರೆ ಒಂದೇ ಮುದ್ದೆಯಲ್ಲ. ಸಣ್ಣ ಸಣ್ಣ ವಸ್ತುಗಳು, ಅಂದರೆ ಆಬ್ಜೆಕ್ಟುಗಳು, ಒಂದನ್ನೊಂದು ಕೇಳುತ್ತ ಹೇಳುತ್ತ ಕೆಲಸ ಮುಗಿಸುತ್ತವೆ. ಆಗ ನಾವು ಹಾವೇರಿಯ ಒಂದು ಖಾಸಗಿ ಕಣ್ಣಿನ ಆಸ್ಪತ್ರೆಗೆ ಹೆಸರು ನೋಂದಾಯಿಸುವ ಪ್ರೋಗ್ರಾಮು ಮಾಡುತ್ತಿದ್ದೆವು. ಅದರಲ್ಲಿ ನೋಂದಣಿ ಒಂದು ವಸ್ತು, ರೋಗಿ ಒಂದು ವಸ್ತು, ಚೀಟಿ ಮುದ್ರಿಸುವುದು ಮತ್ತೊಂದು. ನೋಂದಣಿಯ ಭಾಗ ನನ್ನ ಪಾಲಿಗೆ ಬಂದಿತ್ತು. ಅದು ಸರಿಯಿದೆಯೇ ಎಂದು ನೋಡಲು ಪ್ರತಿ ಸಲ ಹಾವೇರಿಗೆ ಹೋಗಿ ಕಣ್ಣು ಮಂಜಾದವರೊಬ್ಬರನ್ನು ಹಿಡಿದು ತರಲಾಗುತ್ತದೆಯೇ? ಅದಕ್ಕೆ ರೋಗಿಯ ಜಾಗದಲ್ಲಿ ಒಂದು ಸುಳ್ಳು ರೋಗಿಯನ್ನು ನಿಲ್ಲಿಸಬೇಕು. ಅದು ಮಾಕ್ ಆಬ್ಜೆಕ್ಟ್.

"ಬಯಲಾಟದಾಗ ಗಂಡಸು ಹೆಣ್ಣಿನ ಸೋಗು ಹಾಕತಾನಲ್ಲ, ಹಂಗ ತಿಳ್ಕೊ ತಂಗಿ," ಎಂದಿದ್ದರು ಸರ್. "ಅಂವ ಮನ್ಯಾಗ ಏನರ ಇರಲಿ, ಆಟದಾಗ ರಾಣಿ ಹೇಳೂ ಮಾತ ಹೇಳಿದ್ರ ಸಾಕು."

ಅಂದಿನಿಂದ ನಮ್ಮ ಆಫೀಸಿನಲ್ಲಿ ಅದಕ್ಕೆ ಸೋಗು ಎಂದೇ ಹೆಸರಾಯಿತು. ಸೋಗಿಗೆ ನಾವೇ ಮಾತು ಕಲಿಸುತ್ತೇವೆ: ಇದನ್ನು ಕೇಳಿದರೆ ಇದನ್ನು ಹೇಳು. ಅದು ಮತ್ತೊಂದು ಕೆಲಸವನ್ನೂ ಮಾಡುತ್ತದೆ. ತನ್ನನ್ನು ಯಾರು ಏನು ಕೇಳಿದರು ಎಂದು ನೆನಪಿಟ್ಟುಕೊಳ್ಳುತ್ತದೆ. ಕೇಳಲೇಬೇಕಾದ ಪ್ರಶ್ನೆಯನ್ನು ನೋಂದಣಿ ಕೇಳದೆ ಬಿಟ್ಟರೆ ಪರದೆಯ ಮೇಲೆ ಕೆಂಪು ಪಟ್ಟಿ. ಎಲ್ಲ ಸರಿಯಿದ್ದರೆ ಹಸಿರು ಪಟ್ಟಿ. ಆ ಹಸಿರಿನ ಮೇಲೆ ನನಗೆ ಎಂಥ ಆಸೆ ಅಂತೀರಿ! ಹಸಿರು ಬಂದ ದಿನ ಮಧ್ಯಾಹ್ನದ ರೊಟ್ಟಿಯೂ ಹೆಚ್ಚು ರುಚಿಸುತ್ತಿತ್ತು.

ನನ್ನ ಸೋಗಿನ ರೋಗಿಗೆ ಯಾರ ವಿವರ ಕೊಡುವುದು ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅವ್ವನಿಗೆ ಆಗಲೇ ಎಡಗಣ್ಣಿಗೆ ಪೊರೆ ಬರುತ್ತಿತ್ತು. ಅವಳದೇ ಹೆಸರು, ಅವಳದೇ ವಯಸ್ಸು, ಬ್ಯಾಡಗಿಯ ನಮ್ಮದೇ ಓಣಿ. ಗಂಡನ ಹೆಸರು ಕೇಳಿದರೆ ಅಪ್ಪನ ಹೆಸರು. ಕಂಪ್ಯೂಟರಿನೊಳಗಿನ ಆ ಅವ್ವ ಕೇಳಿದ ಕೂಡಲೇ ಅಪ್ಪನ ಹೆಸರನ್ನು ಪಟ್ಟನೆ ಹೇಳುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಎಷ್ಟು ಸಲ ಟೆಸ್ಟು ಓಡಿಸುತ್ತಿದ್ದೆನೋ ಅಷ್ಟು ಸಲವೂ ಹೇಳುತ್ತಿದ್ದಳು. ನನಗೆ ಅದು ಒಮ್ಮೆಯೂ ವಿಚಿತ್ರ ಅನ್ನಿಸಲಿಲ್ಲ. ಬುದ್ಧಿಗೆ ಮಂಕು ಕವಿದಿತ್ತು.

ಗಂಡನ ಹೆಸರು ಹೇಳದ ರೋಗಿಯ ಬಗ್ಗೆ ಯೋಚಿಸಿಯೇ ಇರಲಿಲ್ಲ ಎಂದಾದರೂ ಹೇಳುವಂತಿದ್ದರೆ ಒಳ್ಳೆಯದಿತ್ತು. ಯೋಚಿಸಿದ್ದೆ. ಒಂದೇ ಹೆಸರಿನ ಹೆಂಗಸರು ಊರಿಗೆ ಹತ್ತು ಜನ ಇರುತ್ತಾರೆ, ಗಂಡನ ಹೆಸರಿಲ್ಲದೆ ಯಾರದೋ ಕಣ್ಣಿಗೆ ಯಾರದೋ ಔಷಧಿ ಹೋದೀತು ಎಂದು ಆ ಆಸ್ಪತ್ರೆಯ ಡಾಕ್ಟರು ಮೊದಲೇ ಹೇಳಿದ್ದರು. ಅದಕ್ಕೇ ನಾನು ಎರಡನೆಯ ಸೋಗನ್ನೂ ಮಾಡಿದ್ದೆ. ಇದು ಎಲ್ಲ ಹೇಳಿ ಗಂಡನ ಹೆಸರಿಗೆ ಮಾತ್ರ ಸುಮ್ಮನಿರುತ್ತಿತ್ತು. ಸುಮ್ಮನಿದ್ದರೆ ನೋಂದಣಿ ಏನು ಮಾಡಬೇಕು? ಹಿಂದಕ್ಕೆ ಕಳಿಸಬೇಕು. ಕೆಂಪಕ್ಷರದಲ್ಲಿ 'ಗಂಡನ ಹೆಸರು ಖಾಲಿ ಬಿಡುವಂತಿಲ್ಲ' ಎಂದು ತೋರಿಸಬೇಕು. ಆ ಸಾಲು ನನ್ನದೇ. ಇಂಗ್ಲಿಷ್ ಬೇಡ, ನಮ್ಮ ಜನಕ್ಕೆ ತಿಳಿಯಲಿ ಎಂದು ಕಷ್ಟಪಟ್ಟು ಕನ್ನಡ ಅಕ್ಷರ ಕೂಡಿಸಿದ್ದೆ. ಸುಮ್ಮನಿದ್ದ ಸೋಗನ್ನು ನೋಂದಣಿ ಹಿಂದಕ್ಕೆ ಕಳಿಸಿತು, ಪಟ್ಟಿ ಹಸಿರಾಯಿತು, ಸರ್ "ಭೇಷ್" ಎಂದರು.

ಆಸ್ಪತ್ರೆಯಲ್ಲಿ ಅದನ್ನು ಮೊದಲ ಸಲ ಓಡಿಸುವ ದಿನ ಸರ್ ಮತ್ತು ನಾನು ಬೆಳಿಗ್ಗೆಯೇ ಹಾವೇರಿಗೆ ಹೋದೆವು. ಡಾಕ್ಟರಿಗೆ ಮೆಚ್ಚಿಗೆಯಾದರೆ ಅವರ ಗೆಳೆಯರ ಇನ್ನೆರಡು ಆಸ್ಪತ್ರೆಗಳ ಕೆಲಸವೂ ನಮಗೇ ಬರುವುದಿತ್ತು. ಹಾಗೆ ಬಂದರೆ ನನ್ನ ಕೆಲಸ ಕಾಯಂ ಎಂದು ಸರ್ ಹೇಳಿದ್ದರು. ಇದನ್ನು ನಾನು ಮನೆಯಲ್ಲಿ ಜಂಬದಿಂದ ಹೇಳಿಕೊಂಡಿದ್ದೆ. ಕೌಂಟರಿನಲ್ಲಿ ಮೈಸೂರು ಕಡೆಯ ಒಬ್ಬ ಹುಡುಗ ಕೂತಿದ್ದ, ಹೊಸಬ. ಡಾಕ್ಟರು, ಸರ್, ನಾನು ಅವನ ಬೆನ್ನ ಹಿಂದೆ ನಿಂತೆವು.

"ನಡುವ ಯಾರೂ ಬಾಯಿ ಹಾಕಬ್ಯಾಡ್ರಿ," ಎಂದರು ಡಾಕ್ಟರು. "ನಾಳೆ ನೀವೇನು ಇಲ್ಲಿ ಇರಂಗಿಲ್ಲ. ಪೇಶಂಟು, ಕೌಂಟರು, ಮಷೀನು, ಮೂರ ಇದ್ದಾಗ ಏನಾಕ್ಕೈತಿ ನೋಡೂಣು."

"ಖರೇ ಐತ್ರಿ," ಎಂದು ಸರ್ ನನ್ನ ಕಡೆ ನೋಡಿ ಕಣ್ಣಲ್ಲೇ ಎಚ್ಚರಿಸಿದರು. ನಾನು ತಲೆಯಾಡಿಸಿದೆ.

ಮೊದಲು ಬಂದವರು ಇಬ್ಬರು ಗಂಡಸರು, ಸಲೀಸಾಗಿ ಆಯಿತು. ಆಮೇಲೆ ಗಂಡನ ಜೊತೆಯಲ್ಲೇ ಬಂದಿದ್ದ ಒಬ್ಬಳು. ಕೇಳಿದ್ದಕ್ಕೆಲ್ಲ ಗಂಡನೇ ಉತ್ತರ ಕೊಟ್ಟ. ಚೀಟಿ ಟರ್ರೆಂದು ಹೊರಬಂತು. ಸರ್ ಮುಖ ಅರಳಿತು. ಅವರ ಹಿಂದೆ ಸಾಲಿನಲ್ಲಿ ಇಳಕಲ್ ಸೀರೆ ಉಟ್ಟು ನಿಂತಿದ್ದವಳನ್ನು ಆಗ ನೋಡಿದೆ. ಮದುವೆ ಮುಂಜಿಗೆ ಮಾತ್ರ ಉಡುವ ಸೀರೆ ಅದು. ನಮ್ಮವ್ವ.

ಬರುತ್ತೇನೆಂದು ನನಗೆ ಹೇಳಿರಲಿಲ್ಲ. ಕಣ್ಣು ತೋರಿಸುವ ನೆಪ ಮಾಡಿಕೊಂಡು ಮಗಳ ಮಷೀನು ನೋಡಲು ಬ್ಯಾಡಗಿಯಿಂದ ಒಬ್ಬಳೇ ಬಸ್ಸು ಹತ್ತಿ ಬಂದಿದ್ದಳು. ಅವಳೂ ನನ್ನನ್ನು ನೋಡಿದಳು. ಮುಖದ ತುಂಬ ನಗೆ ಬಂತು, ಇನ್ನೇನು ಕರೆಯಬೇಕು, ಅಷ್ಟರಲ್ಲಿ ನನ್ನ ಒಂದು ಪಕ್ಕಕ್ಕೆ ಡಾಕ್ಟರು, ಇನ್ನೊಂದು ಪಕ್ಕಕ್ಕೆ ಸರ್ ನಿಂತಿರುವುದು ಕಂಡಿರಬೇಕು. ನಗೆ ಮಡಚಿಕೊಂಡು, ಗುರುತಿಲ್ಲದವಳಂತೆ ಗೋಡೆಯ ಮೇಲಿನ ಕಣ್ಣಿನ ಚಿತ್ರ ನೋಡತೊಡಗಿದಳು. ನಾನೂ ಸುಮ್ಮನೆ ನಿಂತೆ. ಆಮೇಲೆ ಹೇಳಿದರಾಯಿತು ಎಂದುಕೊಂಡೆ.

ಅವಳ ಸರದಿ ಬಂತು. ಹೆಸರು ಹೇಳಿದಳು, ವಯಸ್ಸು ಹೇಳಿದಳು, ಊರು ಹೇಳಿದಳು. ಹುಡುಗ ಟಪಟಪ ಒತ್ತಿದ.

"ಯಜಮಾನರ ಹೆಸರು ಹೇಳಿ ಅಮ್ಮ."

ಅವ್ವ ಸೆರಗು ಸರಿಮಾಡಿಕೊಂಡು ಸಣ್ಣಗೆ ನಕ್ಕಳು. "ಅವರದರಿ?"

"ಹೂಂ, ಯಜಮಾನರದು."

"ಅವರು ಬ್ಯಾಡಗಿ ಪ್ಯಾಟ್ಯಾಗ ಅದಾರ್ರಿ. ದಲಾಲಿ ಅಂಗಡ್ಯಾಗ. ಎಲ್ಲಾರಿಗೂ ಗೊತ್ತದಾರ."

"ಕೆಲಸ ಅಲ್ಲಮ್ಮ, ಹೆಸರು."

ಅವ್ವ ಹಿಂದೆ ಮುಂದೆ ನೋಡಿದಳು. ಸಾಲಿನಲ್ಲಿ ಬ್ಯಾಡಗಿಯವರು ಯಾರೂ ಇರಲಿಲ್ಲ. ಆಮೇಲೆ ನನ್ನ ಕಡೆ ನೋಡಿದಳು, ಒಂದೇ ಕ್ಷಣ. ನನ್ನ ಬಾಯಿಯಲ್ಲಿ ಅಪ್ಪನ ಹೆಸರು ಇತ್ತು, ನಾಲಿಗೆಯ ತುದಿಯಲ್ಲೇ ಇತ್ತು. ಡಾಕ್ಟರು ಕೈಕಟ್ಟಿ ನಿಂತಿದ್ದರು. ಸರ್ ಉಸಿರು ಬಿಗಿಹಿಡಿದಿದ್ದರು. ನಾನು ಪರದೆಯ ಕಡೆ ನೋಡಿದೆ. ಹುಡುಗ ಆ ಜಾಗ ಬಿಟ್ಟು ಮುಂದಿನದನ್ನು ಒತ್ತಿದ. ಕೆಂಪಕ್ಷರ ಬಂತು.

"ಖಾಲಿ ಬಿಟ್ಟರೆ ಮುಂದೆ ಹೋಗಲ್ಲಮ್ಮ ಇದು," ಎಂದ ಹುಡುಗ. ಅವನದೇನೂ ತಪ್ಪಿರಲಿಲ್ಲ, ದನಿಯೂ ಮೆತ್ತಗೇ ಇತ್ತು. ಪರದೆಯನ್ನು ಅವಳ ಕಡೆ ತುಸು ತಿರುಗಿಸಿದ. "ನೋಡಿ, ಬರೆದಿದೆಯಲ್ಲ."

ಹಿಂದಿನಿಂದ ಒಬ್ಬ ಗಂಡಸು "ಹೇಳ್ರಿ ಲಗೂನ, ಬಸ್ಸ್ ಹೊಕ್ಕೈತಿ" ಎಂದು ಗೊಣಗಿದ. ಮಂಜುಗಣ್ಣಿನ ಅವ್ವ ಆ ಕೆಂಪು ಸಾಲನ್ನು ಓದಲು ಹೋಗಿ ಓದಲಾಗದೆ, ಎರಡೂ ಕೈಯಲ್ಲಿ ಕೌಂಟರಿನ ಅಂಚು ಹಿಡಿದುಕೊಂಡಳು. ಆಮೇಲೆ, ನೆಲ ನೋಡುತ್ತ, ಒಡಪು ಹೇಳಿದಳು.

ನಮ್ಮ ಕಡೆ ಗಂಡನ ಹೆಸರು ಹೇಳಲು ಹೆಂಗಸಿಗಿರುವ ದಾರಿ ಅದೊಂದೇ. ಮದುವೆಯಲ್ಲೋ ಸೀಮಂತದಲ್ಲೋ ಹೆಣ್ಣುಮಕ್ಕಳು ಸುತ್ತ ಕೂತು ಕಾಡಿದಾಗ, ಪ್ರಾಸ ಕಟ್ಟಿದ ಎರಡು ಸಾಲಿನ ಒಳಗೆ ಗಂಡನ ಹೆಸರನ್ನು ಅಡಗಿಸಿ ಹೇಳಿಬಿಡುವುದು.

"ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕ ಚಂದ, ವರದಾ ಹೊಳಿ ತುಂಬಿದ್ರ ನೋಡಾಕ ಚಂದ," ಎಂದು ಶುರುಮಾಡಿ, ಅಪ್ಪನ ಹೆಸರನ್ನು ಗಡಿಬಿಡಿಯಲ್ಲಿ ನುಂಗಿ, "ನಕ್ಕರ ನನ್ನ ಮನಿ ಚಂದ" ಎಂದು ಮುಗಿಸಿದಳು.

ಇಡೀ ಸಾಲು ನಕ್ಕಿತು. ಯಾರೋ ಚಪ್ಪಾಳೆ ತಟ್ಟಿದರು. "ಇನ್ನೊಂದ ಹೇಳ್ರಿ ಯವ್ವಾ!" ಎಂದಳು ಒಬ್ಬಳು. ಡಾಕ್ಟರೂ ನಕ್ಕರು, ಸರ್ ಕೂಡ ನಕ್ಕರು. ಹೆಣ್ಣುಮಕ್ಕಳ ನಡುವೆ ಅರಿಶಿನ ಕುಂಕುಮದ ಎದುರು ಹೇಳುವ ಮಾತನ್ನು ಅವಳು ಔಷಧಿಯ ವಾಸನೆಯಲ್ಲಿ, ಪರಗಂಡಸರ ಮುಂದೆ ಹೇಳಿದ್ದಳು. ನನ್ನ ಕಿವಿ ಬಿಸಿಯಾದವು. ನೆಲ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದೆ.

ಹುಡುಗ ನಗಲಿಲ್ಲ, ಕೈ ಕೀಲಿಗಳ ಮೇಲೇ ಇತ್ತು. "ಪದ್ಯದಲ್ಲಿ ಹೆಸರು ಯಾವುದು ಅಂತ ಗೊತ್ತಾಗಲಿಲ್ಲ ಅಮ್ಮ. ಬರೀ ಹೆಸರು ಹೇಳಿಬಿಡಿ."

ಅವ್ವ ಹೇಳಿದಳು. ಪದ್ಯವಿಲ್ಲ, 'ಅವರು' ಇಲ್ಲ, ಏನೂ ಇಲ್ಲ. ಬರಿಯ ಹೆಸರು.

"ಫ್ಯಾನ್ ಸದ್ದು ಅಮ್ಮ, ಸ್ವಲ್ಪ ಜೋರಾಗಿ."

ಜೋರಾಗಿ ಹೇಳಿದಳು. ಕೆಂಪಕ್ಷರ ಹೋಯಿತು, ಚೀಟಿ ಟರ್ರೆಂದು ಬಂತು. ಅವ್ವ ಚೀಟಿಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿದು, ಯಾರನ್ನೂ ನೋಡದೆ ಹೋಗಿ ಬೆಂಚಿನ ತುದಿಗೆ ಕೂತಳು. ಅವಳ ಕತ್ತಿನವರೆಗೂ ಕೆಂಪೇರಿತ್ತು.

"ಗಟ್ಟಿ ಐತಿ ಬಿಡ್ರಿ ನಿಮ್ಮ ಮಷೀನು," ಎಂದರು ಡಾಕ್ಟರು. "ನಮ್ಮ ಹಳೇ ಕಂಪೌಂಡರ್ ಇಂಥಾ ಜಾಗಾ ಎಲ್ಲಾ ಖಾಲೀನ ಬಿಡತಿದ್ದ. ಇದು ಬಿಡಂಗಿಲ್ಲ ನೋಡ್ರಿ!" ಸರ್ ನನ್ನ ಕಡೆ ಹೆಮ್ಮೆಯಿಂದ ನೋಡಿದರು. ಪ್ರೋಗ್ರಾಮು ಎಲ್ಲಿಯೂ ಕೆಟ್ಟಿರಲಿಲ್ಲ. ನಾನು ಟೆಸ್ಟಿನಲ್ಲಿ ಹೇಗೆ ಬರೆದಿದ್ದೆನೋ ಅಕ್ಷರ ತಪ್ಪದೆ ಹಾಗೇ ನಡೆದುಕೊಂಡಿತ್ತು. ಕೆಟ್ಟಿದ್ದರೆ ನನಗೆ ಎಷ್ಟೋ ಸಮಾಧಾನವಿರುತ್ತಿತ್ತು.

ಸರ್ ಡಾಕ್ಟರ ಜೊತೆ ಉಳಿದರು, ನನಗೆ ಮನೆಗೆ ಹೋಗು ಎಂದರು. ಕಣ್ಣು ತೋರಿಸಿಕೊಂಡು ಬಂದ ಅವ್ವ ಬಸ್ ಸ್ಟ್ಯಾಂಡಿನಲ್ಲಿ ನನಗಾಗಿ ಕಾಯುತ್ತಿದ್ದಳು. ಬ್ಯಾಡಗಿಯ ಕೆಂಪು ಬಸ್ಸಿನಲ್ಲಿ ಅಕ್ಕಪಕ್ಕ ಕೂತೆವು. ನನಗೆ ಅವಳ ಮುಖ ನೋಡುವ ಧೈರ್ಯವಿರಲಿಲ್ಲ. ಮೋಟೆಬೆನ್ನೂರು ಬಂದಾಗ ನಾನೇ ಸಿಡುಕಿದೆ. ನಾಚಿಕೆ ಹೆಚ್ಚಾದಾಗ ನನಗೆ ಬರುವುದು ಸಿಟ್ಟೇ.

"ಹೇಳದ ಯಾಕ ಬಂದಿ? ಬಂದಾಕಿ ನನ್ನ ಯಾಕ ಕರೀಲಿಲ್ಲ?"

"ಸಾಹೇಬ್ರ ನಡುವ ನಿಂತಿದ್ದಿ. ನಾ ಏನಂತ ಕರೀಲಿ?"

"ಹೆಸರ ಹೇಳಾಕ ಆಗಂಗಿಲ್ಲ ಅಂತ ಎದ್ದ ಬರಬೇಕಿತ್ತು. ಕಣ್ಣ ನಾಳೆ ತೋರಸಬಹುದಿತ್ತು."

ಅವ್ವ ನನ್ನನ್ನು ದಡ್ಡಿಯನ್ನು ನೋಡಿದಂತೆ ನೋಡಿದಳು. "ನಾ ಹೊಳ್ಳಿ ಬಂದಿದ್ರ ನಿನ್ನ ಮಷೀನ್ ಸರಿ ಇಲ್ಲ ಅಂತಿದ್ರೋ ಇಲ್ಲೋ? ನಿನ್ನ ನೌಕರಿ ಕಾಯಂ ಆಗೂದ ಐತಲ್ಲ."

ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಊರು ಹತ್ತಿರವಾಗುತ್ತಿದ್ದಂತೆ ಮೆಣಸಿನಕಾಯಿಯ ಘಾಟು ಬಸ್ಸಿನೊಳಗೆ ಬಂತು, ಎಲ್ಲರೂ ಕೆಮ್ಮತೊಡಗಿದರು. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು, ಅದರೊಳಗಿನಿಂದಲೇ ಕೇಳಿದಳು.

"ಒಡಪಿನಾಗ ಅಂದ್ರ ನಡೀತೈತಿ. ಆಮ್ಯಾಲೆ ಬರೇ ಹೆಸರ ಅಂದ್ನೆಲ್ಲ, ಅದೂ ಮತ್ತೊಮ್ಮೆ. ಅವರಿಗೆ ಏನೂ ಆಗಂಗಿಲ್ಲಲ್ಲಬೇ?"

"ಏನೂ ಆಗಂಗಿಲ್ಲ ಬೇ."

"ನೀ ಓದಿದಾಕಿ, ನಿನಗ ಗೊತ್ತಿರತೈತಿ," ಎಂದಳು. ನಂಬಿದಂತೆ ಕಾಣಲಿಲ್ಲ. "ನಿಮ್ಮಪ್ಪಗ ಮಾತ್ರ ಹೇಳಬ್ಯಾಡ."

ಅಂದು ಸಂಜೆ ಅಪ್ಪ ಜಗುಲಿಯಲ್ಲಿ ಕೂತು ಚುರುಮುರಿ ತಿನ್ನುತ್ತ ಯಾವುದೋ ಮೆಣಸಿನಕಾಯಿ ರಾಶಿಯ ಕಥೆ ಹೇಳುತ್ತಿದ್ದ. ಪೇಟೆಯ ಘಾಟಿಗೆ ಅವನಿಗೆ ಕೆಮ್ಮು ಇದ್ದದ್ದೇ. ಅವನು ಕೆಮ್ಮಿದಾಗಲೆಲ್ಲ ಅವ್ವ ಒಲೆ ಬಿಟ್ಟು ಬಾಗಿಲವರೆಗೆ ಬಂದು, ಅವನನ್ನು ನೋಡಿ, ಮತ್ತೆ ಒಳಗೆ ಹೋಗುತ್ತಿದ್ದಳು. "ಏನ ಹಂಗ ಹಣಿಕಿ ಹಾಕಾಕತ್ತೀ?" ಎಂದು ಅಪ್ಪ ನಕ್ಕ. ಅವಳು ನೀರಿನ ತಂಬಿಗೆ ತಂದಿಟ್ಟು ಹೋದಳು. ನನಗೆ ಅಲ್ಲಿ ಕೂರಲಾಗಲಿಲ್ಲ, ಎದ್ದು ಹಿತ್ತಲಿಗೆ ಹೋದೆ.

ಮರುದಿನ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋಗಿ ಎರಡನೆಯ ಸೋಗನ್ನು ತೆರೆದೆ. ಅದು ಮೊದಲಿನಂತೆ ಸುಮ್ಮನೆ ಇತ್ತು. ಅದಕ್ಕೆ ನಾನು ಹೊಸ ಮಾತನ್ನೇನೂ ಕಲಿಸಲಿಲ್ಲ. ಅದು ಸುಮ್ಮನಿದ್ದರೆ ಏನಾಗಬೇಕು ಎಂಬ ಸಾಲನ್ನು ಮಾತ್ರ ಬದಲಿಸಿದೆ. ಹಿಂದಕ್ಕೆ ಕಳಿಸಬೇಕು ಎಂದಿದ್ದದ್ದನ್ನು ಅಳಿಸಿ, ಊರು ಓಣಿಯಿಂದ ಗುರುತು ಹಿಡಿದು ಚೀಟಿ ಕೊಡಬೇಕು ಎಂದು ಬರೆದೆ. ಟೆಸ್ಟು ಓಡಿಸಿದೆ. ನೋಂದಣಿ ಇನ್ನೂ ಹಳೆಯದೇ ಇತ್ತಲ್ಲ, ಪಟ್ಟಿ ಕೆಂಪಗಾಯಿತು.

ಸರ್ ಬಂದವರು ಚೀಲ ಕೂಡ ಇಳಿಸದೆ ನನ್ನ ಪರದೆಯ ಮುಂದೆ ನಿಂತರು.

"ಏನ ತಂಗಿ ಇದು? ನಿನ್ನೆ ಡಾಕ್ಟರು ಅಷ್ಟು ಹೊಗಳಿ ಕಳಿಸ್ಯಾರ, ಇನ್ನೆರಡು ದವಾಖಾನಿ ಕೆಲಸ ಬಂದಾವ. ಚಲೋ ಇದ್ದದ್ದನ್ನ ಯಾಕ ಕೆಡಸಾಕತ್ತೀದಿ?"

"ಗಂಡನ ಹೆಸರ ಹೇಳದಿದ್ರೂ ಚೀಟಿ ಬರಬೇಕ್ರಿ ಸರ್."

"ಯಾಕ? ನಿನ್ನೆ ಆ ಇಳಕಲ್ ಸೀರಿ ಯವ್ವ ಪದ್ಯಾ ಹಾಡಿದ್ರೂ ಕಡೀಕ ಹೇಳಿದಳಲ್ಲ," ಎಂದು ಸರ್ ಮತ್ತೆ ನಕ್ಕರು.

"ಅಕಿ ನಮ್ಮವ್ವ ರಿ," ಎಂದೆ.

ಸರ್ ನಗೆ ನಿಂತಿತು. ಹೆಗಲಿನ ಚೀಲ ಇಳಿಸಿ ಕೆಳಗಿಟ್ಟರು. ಬೈಯುವ ದನಿಯಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು.

"ನಿಮ್ಮವ್ವಾ? ಮತ್ತ ನೀ ಅಲ್ಲೇ ನಿಂತಿದ್ದ್ಯಲ್ಲ ತಂಗಿ."